ಕನ್ನಡಕದ ಹಬೆಗೆ ಮದ್ದು ಮಾಸ್ಕಿನ ಮೇಲಂಚಿನಲ್ಲಿದೆ

ಮಾಸ್ಕ್ ಹಾಕಿದ ಕೂಡಲೇ ಕನ್ನಡಕ ಮಬ್ಬಾದರೆ ನಾವೆಲ್ಲ ಮೊದಲು ದೂರುವುದು ಗಾಜನ್ನು. ಮತ್ತೆ ಮತ್ತೆ ಒರೆಸುತ್ತೇವೆ, ಸ್ಪ್ರೇ ಹುಡುಕುತ್ತೇವೆ, ಕನ್ನಡಕದಂಗಡಿಗೆ ಹೋಗಿ ಹಬೆ ಹಿಡಿಯದ ಕೋಟಿಂಗ್ ಇದೆಯಾ ಎಂದು ವಿಚಾರಿಸುತ್ತೇವೆ. ಗಾಜಿನದೇನೂ ತಪ್ಪಿಲ್ಲ. ಮೂಗಿನ ಅಕ್ಕಪಕ್ಕ ಮಾಸ್ಕಿನ ಮೇಲಂಚು ಮುಖಕ್ಕೆ ಕೂತಿಲ್ಲ, ಉಸಿರು ಪದರಗಳಲ್ಲಿ ಸೋಸಿಕೊಂಡು ಹೋಗುವ ಬದಲು ಆ ಸಂದಿನಿಂದ ಮೇಲಕ್ಕೆ ನುಗ್ಗುತ್ತಿದೆ ಎಂಬುದನ್ನು ಅದು ತೋರಿಸುತ್ತಿದೆ, ಅಷ್ಟೆ. ಉಸಿರು ಹೊರಗೆ ಹೋಗುವ ಸಂದಿನಿಂದಲೇ ಹೊರಗಿನ ಧೂಳು, ರೋಗಾಣು ಒಳಗೂ ಬರುತ್ತವೆ. ಹಾಗಾಗಿ ಮೊದಲು ಸರಿಪಡಿಸಬೇಕಾದದ್ದು ಮೇಲಂಚು. ಗಾಜಿನ ಉಪಚಾರ ಅದಾದ ಮೇಲೆ. ಈ ಕ್ರಮ ತಲೆಕೆಳಗಾದರೆ ಹಬೆ ಮಾಯವಾಗುತ್ತದೆ, ಸೋರಿಕೆ ಹಾಗೆಯೇ ಉಳಿಯುತ್ತದೆ.

ಕೋವಿಡ್ ಕಾಲದ ಕಡ್ಡಾಯ ಮುಗಿದರೂ ಬೆಂಗಳೂರಿನಲ್ಲಿ ಮಾಸ್ಕ್ ಹೋಗಿಲ್ಲ. ಆಸ್ಪತ್ರೆಗಳ ವಾರ್ಡುಗಳಲ್ಲಿ, ಹಲ್ಲಿನ ಕ್ಲಿನಿಕ್ಕುಗಳಲ್ಲಿ, ಡಯಾಲಿಸಿಸ್‌ಗೆ ಬರುವವರ ಮುಖದ ಮೇಲೆ ಅದು ದಿನವೂ ಇದೆ. ಪರಾಗದ ಅಲರ್ಜಿ ಇರುವವರು, ಮೆಟ್ರೊ ಕಾಮಗಾರಿಯ ಪಕ್ಕದಲ್ಲೇ ದಿನಾ ಸ್ಕೂಟರ್ ಓಡಿಸುವವರು, ಬೆಳಗಿನ ಜಾವ ರಸ್ತೆ ಗುಡಿಸುವ ಪೌರಕಾರ್ಮಿಕರು, ಕೆ.ಆರ್. ಮಾರ್ಕೆಟ್ಟಿನಲ್ಲಿ ಒಣಮೆಣಸಿನಕಾಯಿ ಮೂಟೆ ಬಿಚ್ಚುವವರು ಇವತ್ತೂ ಮೂಗು ಮುಚ್ಚಿಕೊಂಡೇ ಕೆಲಸ ಮಾಡುತ್ತಾರೆ. ಇವರಲ್ಲಿ ಕನ್ನಡಕದವರು ಏನು ಮಾಡುತ್ತಾರೆ ನೋಡಿ: ಕಣ್ಣು ಕಾಣದಾದಾಗ ಮಾಸ್ಕನ್ನು ಮೂಗಿನಿಂದ ಕೆಳಕ್ಕೆ ಎಳೆದುಬಿಡುತ್ತಾರೆ. ತಪ್ಪು ಅವರದಲ್ಲ, ಕಾಣದೆ ಯಾರೂ ಕೆಲಸ ಮಾಡಲಾರರು. ಆದರೆ ಮಾಸ್ಕಿನ ಅಷ್ಟೂ ಪ್ರಯೋಜನ ಅಲ್ಲಿಗೇ ಮುಗಿಯಿತು. ಇಷ್ಟು ಸಣ್ಣ ವಿಷಯದ ಬಗ್ಗೆ ಇಷ್ಟು ಉದ್ದ ಬರೆಯುವುದಕ್ಕೆ ಕಾರಣ ಅದೇ.

ಹಬೆ ಕೂರುವುದು ಯಾಕೆ ಎಂಬುದು ತಿಳಿದರೆ ಯಾವ ಉಪಾಯ ಎಲ್ಲಿ ನಡೆಯುತ್ತದೆ ಎಂಬುದೂ ತಿಳಿಯುತ್ತದೆ. ನಾವು ಬಿಡುವ ಉಸಿರು ಸುಮಾರು 34 ಡಿಗ್ರಿ ಬೆಚ್ಚಗಿರುತ್ತದೆ, ನೀರಾವಿ ಅದರಲ್ಲಿ ಹೆಚ್ಚುಕಡಿಮೆ ತುಂಬಿಕೊಂಡಿರುತ್ತದೆ. ತಣ್ಣೀರು ತುಂಬಿಟ್ಟ ಚೊಂಬಿನ ಹೊರಮೈ ಬೆವರುವ ಹಾಗೆಯೇ ಈ ಆವಿಯೂ ತನಗಿಂತ ತಣ್ಣಗಿರುವ ಗಾಜು ಸಿಕ್ಕಿದಾಗ ಹನಿಯಾಗುತ್ತದೆ. ಜನವರಿಯ ಬೆಳಗ್ಗೆ ಇಲ್ಲಿ 16 ಡಿಗ್ರಿ ಆಸುಪಾಸು ಇರುತ್ತದೆ. ಮೇಲಂಚಿನಿಂದ ಹೊರಟ ಉಸಿರಿಗೆ ಅಷ್ಟೇ ಪ್ರಮಾಣದ ಹೊರಗಾಳಿ ಬೆರೆಯಿತು ಎಂದಿಟ್ಟುಕೊಳ್ಳಿ. ಆ ಮಿಶ್ರಣ 26 ಡಿಗ್ರಿಗಿಂತ ತಣ್ಣಗಿರುವ ಯಾವ ಮೈ ಸಿಕ್ಕಿದರೂ ಅದರ ಮೇಲೆ ಹನಿಗಟ್ಟುತ್ತದೆ. ಗಾಜು ಮುಖದ ಶಾಖಕ್ಕೆ ಸ್ವಲ್ಪ ಬೆಚ್ಚಗಾಗಿದ್ದರೂ ಆ ಹೊತ್ತಿನಲ್ಲಿ 26ರ ಕೆಳಗೇ ಇರುತ್ತದೆ. ಏಪ್ರಿಲ್ ಮಧ್ಯಾಹ್ನ ಹೊರಗೆ 34 ಡಿಗ್ರಿ ಇದ್ದು ಗಾಳಿ ಒಣಗಿರುವಾಗ ಅದೇ ಮಿಶ್ರಣಕ್ಕೆ ಬೇಕಾದ ತಂಪು ಗಾಜಿನಲ್ಲಿ ಇರುವುದೇ ಇಲ್ಲ. ಅದೇ ಮಾಸ್ಕ್, ಅದೇ ಕನ್ನಡಕ, ಅದೇ ಸೋರಿಕೆ, ಆದರೂ ಹಬೆ ಇಲ್ಲ. ಬೇಸಿಗೆಯಲ್ಲಿ ಕನ್ನಡಕ ತಿಳಿಯಾಗಿದೆ ಎಂದು ಮಾಸ್ಕ್ ಸರಿಯಾಗಿ ಕೂತಿದೆ ಅಂದುಕೊಳ್ಳಬಾರದು. ಮಳೆಗಾಲದಲ್ಲಿ ಇನ್ನೊಂದು ತೊಂದರೆ: ಗಾಳಿಯಲ್ಲೇ ತೇವ ಹೆಚ್ಚಿರುವುದರಿಂದ ಕೂತ ಹಬೆ ಬೇಗ ಆರುವುದಿಲ್ಲ. ಚಳಿಗಾಲದ ಒಣಗಾಳಿಯಲ್ಲಿ ಎರಡು ಉಸಿರಿನ ನಡುವೆ ಮಾಯವಾಗುವ ಮಬ್ಬು ಜುಲೈಯಲ್ಲಿ ಕಿಕ್ಕಿರಿದ ಬಿಎಂಟಿಸಿ ಬಸ್ಸಿನೊಳಗೆ ಹಾಗೆಯೇ ನಿಲ್ಲುತ್ತದೆ.

ಎಸಿಯಿಂದ ಹೊರಗೆ ಬಂದಾಗ ಕನ್ನಡಕ ಮಬ್ಬಾಗುವುದು ಬೇರೆಯೇ ವಿಷಯ, ಅದಕ್ಕೂ ಮಾಸ್ಕಿಗೂ ಸಂಬಂಧವಿಲ್ಲ. ಮಂಗಳೂರು, ಚೆನ್ನೈಗಳಲ್ಲಿ ಅದು ದಿನನಿತ್ಯದ ಪಾಡು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ, ಇಲ್ಲಿನ ಗಾಳಿಯಲ್ಲಿ ಕರಾವಳಿಯಷ್ಟು ಆವಿ ಇರುವುದಿಲ್ಲ, ಹಾಗಾಗಿ ಮೆಟ್ರೊ ಬೋಗಿಯಿಂದ ಇಳಿದವರ ಕನ್ನಡಕ ಸಾಮಾನ್ಯವಾಗಿ ತಿಳಿಯಾಗಿಯೇ ಇರುತ್ತದೆ. ಗುರುತಿಸುವುದು ಸುಲಭ. ಬೆರಳಿಂದ ಮುಟ್ಟಿ ನೋಡಿದಾಗ ಹಬೆ ಗಾಜಿನ ಒಳಬದಿಯಲ್ಲಷ್ಟೇ, ಅದರಲ್ಲೂ ಮೂಗಿನ ಕಡೆಯ ಕೆಳಮೂಲೆಯಿಂದ ಶುರುವಾಗಿದ್ದರೆ ಅದು ಉಸಿರಿನದು. ಎರಡೂ ಬದಿಯಲ್ಲಿ ಒಂದೇ ಸಮ ಹರಡಿದ್ದರೆ ತಂಪಿನಿಂದ ಬಂದದ್ದು, ಒಂದೆರಡು ನಿಮಿಷದಲ್ಲಿ ತಾನೇ ಹೋಗುತ್ತದೆ. ಬಲಗಾಜು ಮಾತ್ರ ಮಬ್ಬಾಗುತ್ತಿದ್ದರೆ ಸಂದು ಇರುವುದು ಮೂಗಿನ ಬಲಪಕ್ಕದಲ್ಲಿ. ಸೋರಿಕೆ ಎಲ್ಲಿದೆ ಎಂದು ಇಷ್ಟು ಸ್ಪಷ್ಟವಾಗಿ ಹೇಳುವ ಸಾಧನ ಮನೆಯಲ್ಲಿ ಬೇರೆ ಸಿಗಲಾರದು.

ಇನ್ನು ಮೇಲಂಚಿಗೆ ಬರೋಣ. ಮೆಡಿಕಲ್ ಶಾಪಿನಲ್ಲಿ ಸಿಗುವ ಮೂರು ಪದರದ ಸರ್ಜಿಕಲ್ ಮಾಸ್ಕಿನ ಒಂದು ಅಂಚಿನೊಳಗೆ ತೆಳುವಾದ ತಂತಿ ಇರುತ್ತದೆ. ತಂತಿ ಇರುವ ಅಂಚು ಮೇಲಕ್ಕೆ, ಬಣ್ಣದ ಬದಿ ಹೊರಕ್ಕೆ, ಬಿಳಿ ಬದಿ ಒಳಕ್ಕೆ ಬರಬೇಕು. ಹೊರಗಿನಿಂದ ನೋಡಿದಾಗ ನೆರಿಗೆಗಳು ಕೆಳಮುಖವಾಗಿ ಬಿದ್ದಿರಬೇಕು. ಇದು ಎಲ್ಲರಿಗೂ ಗೊತ್ತಿರುವ ಮಾತು ಎನಿಸಬಹುದು, ಆದರೆ ತಲೆಕೆಳಗಾಗಿ ಹಾಕಿ ತಂತಿ ಗಲ್ಲದ ಕೆಳಗೆ ಹೋಗಿರುವವರು ಪ್ರತಿ ಓಪಿಡಿ ಸಾಲಿನಲ್ಲೂ ಕಾಣಸಿಗುತ್ತಾರೆ.

ತಂತಿಯನ್ನು ಹೆಬ್ಬೆರಳು ಮತ್ತು ತೋರುಬೆರಳಿನಿಂದ ಚಿವುಟುವುದು ಎಲ್ಲರೂ ಮಾಡುವ ತಪ್ಪು. ಚಿವುಟಿದರೆ ಮೂಗಿನ ಮೇಲೆ ಚೂಪಾದ ಏಣು ಏಳುತ್ತದೆ, ಅದರ ಎರಡೂ ಪಕ್ಕದಲ್ಲಿ ಒಂದೊಂದು ಸುರಂಗ ಉಳಿಯುತ್ತದೆ, ಉಸಿರು ನೇರವಾಗಿ ಗಾಜಿಗೆ ಹೋಗುತ್ತದೆ. ಸರಿಯಾದ ವಿಧಾನಕ್ಕೆ ಎರಡೂ ಕೈ ಬೇಕು. ಮಾಸ್ಕ್ ಹಾಕಿಕೊಂಡ ಮೇಲೆ ಮೇಲಂಚನ್ನು ಮೂಗಿನ ಎಲುಬಿರುವ ಭಾಗದವರೆಗೆ ಏರಿಸಿ. ಮೂಗಿನ ತುದಿಯ ಕಡೆಯ ಮೆತ್ತನೆಯ ಭಾಗದಲ್ಲಿ ಬಿಟ್ಟರೆ ಮಾತಾಡುವಾಗಲೆಲ್ಲ ಜಾರುತ್ತದೆ. ಎರಡೂ ಕೈಗಳ ತೋರುಬೆರಳು, ನಡುಬೆರಳುಗಳನ್ನು ತಂತಿಯ ನಡುವೆ ಇಟ್ಟು ಒತ್ತಿ, ಒತ್ತಡ ಬಿಡದೆ ಬೆರಳುಗಳನ್ನು ಮೂಗಿನ ಇಳಿಜಾರಿನಲ್ಲಿ ಕೆಳಗಿಳಿಸಿ, ಅಲ್ಲಿಂದ ಕೆನ್ನೆಯ ಎಲುಬಿನ ಕಡೆಗೆ ಸವರಿಕೊಂಡು ಹೋಗಿ. ಇದೇ ಚಲನೆ ಎರಡು ಮೂರು ಸಲ ಆಗಬೇಕು. ಮುಖ್ಯ ಜಾಗ ಮೂಗು ಕೆನ್ನೆಗೆ ಸೇರುವ ತಗ್ಗು. ತಂತಿ ಅಲ್ಲಿಗೆ ಇಳಿದು ಕೂತರೆ ಅರ್ಧ ಕೆಲಸ ಮುಗಿಯಿತು. ಆಮೇಲೆ ಕನ್ನಡಕ ಹಾಕಿ, ಅದರ ಕೆಳ ಅಂಚು ಮಾಸ್ಕಿನ ಮೇಲೆ ಕೂರುವಂತೆ ನೋಡಿಕೊಳ್ಳಿ. ಕನ್ನಡಕದ ಭಾರವೇ ಮೇಲಂಚನ್ನು ಹಿಡಿದಿಡುತ್ತದೆ. ದೊಡ್ಡ ಫ್ರೇಮಿನವರಿಗೆ ಇದು ಸಲೀಸು, ಸಣ್ಣ ಫ್ರೇಮಿನವರಿಗೆ ಅಷ್ಟಾಗಿ ಒದಗುವುದಿಲ್ಲ.

ತೀರ ಅಗ್ಗದ ಮಾಸ್ಕುಗಳಲ್ಲಿ ತಂತಿ ಎಷ್ಟು ತೆಳುವೆಂದರೆ ಒತ್ತಿದ ಆಕಾರ ನಿಲ್ಲುವುದೇ ಇಲ್ಲ. ಕೊಳ್ಳುವಾಗ ಒಂದು ಮಾಸ್ಕಿನ ತಂತಿಯನ್ನು ಬಗ್ಗಿಸಿ ಕೈಬಿಟ್ಟು ನೋಡಿ. ಅರ್ಧಕ್ಕರ್ಧ ನೆಟ್ಟಗಾದರೆ ಆ ಪೆಟ್ಟಿಗೆ ಬೇಡ. ಸರ್ಜಿಕಲ್ ಮಾಸ್ಕಿಗೆ ಭಾರತೀಯ ಮಾನಕ ಸಂಸ್ಥೆಯ ಐಎಸ್ 16289 ಎಂಬ ಮಾನದಂಡವಿದೆ, ಪೆಟ್ಟಿಗೆಯ ಮೇಲೆ ಅದನ್ನು ಹುಡುಕಿ. ಬಟ್ಟೆಯ ಮಾಸ್ಕ್ ಹೊಲಿಸುವವರು ಮೇಲಂಚಿನಲ್ಲಿ ಒಂದು ಸಣ್ಣ ಕೊಳವೆಯಂತೆ ಹೊಲಿಗೆ ಹಾಕಿಸಿ ಅದರೊಳಗೆ 10ರಿಂದ 12 ಸೆಂಟಿಮೀಟರ್ ಉದ್ದದ, ಸುಮಾರು 1 ಮಿಲಿಮೀಟರ್ ದಪ್ಪದ ಅಲ್ಯುಮಿನಿಯಂ ತಂತಿ ಸೇರಿಸಬಹುದು. ತುದಿಗಳನ್ನು ಒಳಕ್ಕೆ ಸುತ್ತಿ ಮಡಚಬೇಕು, ಇಲ್ಲದಿದ್ದರೆ ನಾಲ್ಕು ಒಗೆತಕ್ಕೆ ಬಟ್ಟೆ ತೂತಾಗಿ ಚರ್ಮಕ್ಕೆ ಚುಚ್ಚುತ್ತದೆ. ಕಬ್ಬಿಣದ ತಂತಿ ಬೇಡ, ತುಕ್ಕು ಹಿಡಿಯುತ್ತದೆ. ಚಿಕ್ಕಪೇಟೆ ಸುತ್ತಲಿನ ಟೈಲರಿಂಗ್ ಸಾಮಾನಿನ ಅಂಗಡಿಗಳಲ್ಲಿ ವಿಚಾರಿಸಿದರೆ ಅಂಟಿಸಿ ಹೊಲಿಯುವಂಥ ಚಪ್ಪಟೆ ಪಟ್ಟಿಗಳೂ ಸಿಗಬಹುದು. ಮೂಗಿನ ಸೇತುವೆ ತಗ್ಗಾಗಿರುವವರಿಗೆ ತಂತಿಗಿಂತ ಈ ಚಪ್ಪಟೆ ಪಟ್ಟಿ ವಾಸಿ.

ತಂತಿಯಿಂದ ಪೂರ್ತಿ ಕೆಲಸವಾಗದಿದ್ದರೆ ಟಿಶ್ಯೂ ಪೇಪರ್ ಇದೆ. ಒಂದು ಟಿಶ್ಯೂವನ್ನು ಬೆರಳಗಲದ ಪಟ್ಟಿಯಾಗುವವರೆಗೆ ಮಡಚಿ ಮಾಸ್ಕಿನ ಒಳಗೆ, ಮೇಲಂಚಿನ ಉದ್ದಕ್ಕೆ, ಮೂಗಿನ ಸೇತುವೆಯ ಮೇಲೆ ಬರುವಂತೆ ಇಡುವುದು. ಅದು ಸಂದನ್ನೂ ತುಂಬುತ್ತದೆ, ಆವಿಯನ್ನೂ ಹೀರುತ್ತದೆ. ಒದ್ದೆಯಾದ ಮೇಲೆ ಅದರಿಂದ ಉಪಯೋಗವಿಲ್ಲ, ತೆಗೆದು ಹೊಸದು ಇಡಬೇಕು. ಮಾಸ್ಕಿನದೂ ಹಾಗೆಯೇ. ಗಂಟೆಗಟ್ಟಲೆ ಹಾಕಿ ತೇವವಾದ ಮಾಸ್ಕಿನಲ್ಲಿ ಉಸಿರು ಸೋಸಿ ಹೋಗುವುದು ಕಷ್ಟವಾಗುತ್ತಾ ಹೋಗುತ್ತದೆ, ಆಗ ಅದು ಸುಲಭದ ದಾರಿಯಾದ ಸಂದನ್ನೇ ಹಿಡಿಯುತ್ತದೆ. ಬೆಳಗ್ಗೆ ಇಲ್ಲದ ಹಬೆ ಮಧ್ಯಾಹ್ನಕ್ಕೆ ಬಂತೆಂದರೆ ಮಾಸ್ಕ್ ಬದಲಿಸುವ ಹೊತ್ತಾಯಿತು.

ಎಲ್ಲಕ್ಕಿಂತ ನಂಬಿಕೆಯ ಉಪಾಯ ಟೇಪು. ಆಪರೇಷನ್ ಥಿಯೇಟರುಗಳಲ್ಲಿ ಇದು ಹಳೆಯ ರೂಢಿ. ಗಾಯದ ಪಟ್ಟಿಗೆ ಬಳಸುವ ಮೈಕ್ರೋಪೋರ್ ಕಾಗದದ ಟೇಪನ್ನು, ಒಂದು ಇಂಚು ಅಗಲದ್ದು, 8ರಿಂದ 10 ಸೆಂಟಿಮೀಟರ್ ಕತ್ತರಿಸಿ. ಮುಖ ತೊಳೆದು ಒರೆಸಿದ ಮೇಲೆ ಹಚ್ಚಬೇಕು, ಎಣ್ಣೆ, ಕ್ರೀಮು, ಬೆವರು ಇದ್ದರೆ ಅಂಟುವುದಿಲ್ಲ. ಟೇಪಿನ ಅರ್ಧ ಅಗಲ ಮಾಸ್ಕಿನ ಮೇಲೆ, ಅರ್ಧ ಚರ್ಮದ ಮೇಲೆ ಬರಲಿ. ಮೊದಲು ಮೂಗಿನ ನಡುವೆ ಒತ್ತಿ, ಆಮೇಲೆ ಎರಡೂ ಕಡೆ ಕೆನ್ನೆಗೆ ಇಳಿಸಿ. ಕಣ್ಣಿನ ಕೆಳರೆಪ್ಪೆಗೆ ತಾಗಿಸಲೇಬಾರದು. ರೆಪ್ಪೆ ಕೆಳಕ್ಕೆ ಎಳೆದುಕೊಂಡಿದ್ದರೆ ಕಣ್ಣು ಪೂರ್ತಿ ಮುಚ್ಚದೆ ಒಣಗಿ ಉರಿಯುತ್ತದೆ. ತೆಗೆಯುವಾಗ ಬೆರಳನ್ನು ನೀರಲ್ಲಿ ಅದ್ದಿ ಅಂಚನ್ನು ನೆನೆಸಿ, ಚರ್ಮಕ್ಕೆ ಒರಗಿಸಿಕೊಂಡೇ ನಿಧಾನವಾಗಿ ಬಿಡಿಸಬೇಕು. ವಯಸ್ಸಾದವರ ಚರ್ಮ ತೆಳುವಾಗಿರುತ್ತದೆ, ಚರಕ್ಕನೆ ಕಿತ್ತರೆ ಟೇಪಿನ ಜೊತೆ ಸಿಪ್ಪೆಯಂತೆ ಏಳುತ್ತದೆ. ಸೆಲೋಟೇಪು, ಇನ್ಸುಲೇಷನ್ ಟೇಪು ಮುಖಕ್ಕೆ ಹಚ್ಚುವಂಥವಲ್ಲ.

ಕೆನ್ನೆಯ ಪಕ್ಕದಲ್ಲಿ ಬಾಯಿ ಬಿಟ್ಟುಕೊಳ್ಳುವ ಮಾಸ್ಕಿಗೆ ಗಂಟು ಹಾಕುವ ವಿಧಾನವಿದೆ. ದೊಡ್ಡವರ ಸರ್ಜಿಕಲ್ ಮಾಸ್ಕಿನ ಸಾಮಾನ್ಯ ಅಳತೆ 17.5 ಸೆಂಟಿಮೀಟರಿಗೆ 9.5. ಸಣ್ಣ ಮುಖದವರಿಗೆ ಅದು ದೊಡ್ಡದೇ. ಮಾಸ್ಕನ್ನು ಉದ್ದಕ್ಕೆ ಅರ್ಧ ಮಡಚಿ, ಕಿವಿಯ ಎಲಾಸ್ಟಿಕ್ಕಿಗೆ ಮಾಸ್ಕಿನ ಅಂಚಿಗೆ ತಾಗಿದಂತೆ ಒಂದು ಗಂಟು ಹಾಕಿ, ಇನ್ನೊಂದು ಬದಿಗೂ ಹಾಗೆಯೇ ಮಾಡಿ, ಪಕ್ಕದಲ್ಲಿ ಉಬ್ಬಿದ ನೆರಿಗೆಯನ್ನು ಒಳಕ್ಕೆ ಮಡಚಿ ಸೇರಿಸಬೇಕು. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಸಿಡಿಸಿ 2021ರ ಫೆಬ್ರವರಿಯಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಉಸಿರಿನ ಹಾಗೆ ಕಣಗಳನ್ನು ಬಿಡುವ ಎದುರಿನ ಗೊಂಬೆಗೆ ಮಾಸ್ಕ್ ಇಲ್ಲದಿದ್ದರೂ, ಹೀಗೆ ಗಂಟು ಹಾಕಿದ ಮಾಸ್ಕ್ ತೊಟ್ಟ ಗೊಂಬೆಗೆ ತಲುಪುವ ಕಣಗಳು ಸುಮಾರು 64 ಶೇಕಡಾ ಕಡಿಮೆಯಾದವು. ಇದರ ಜೊತೆಗೇ ಹರಿದಾಡುವ ಇನ್ನೊಂದು ಸಲಹೆ, ಎಲಾಸ್ಟಿಕ್ಕನ್ನು ಇಂಗ್ಲಿಷಿನ 8ರ ಅಂಕಿಯಂತೆ ತಿರುಚಿ ಕಿವಿಗೆ ಹಾಕುವುದು. ಅದನ್ನು ನಾನು ಯಾರಿಗೂ ಹೇಳುವುದಿಲ್ಲ. ತಿರುಚಿದರೆ ಮಾಸ್ಕಿನ ಪಕ್ಕಗಳು ತೆರೆದುಕೊಂಡು ಉಸಿರು ಕಿವಿಯ ಕಡೆಗೆ ಹೋಗುತ್ತದೆ. ಕನ್ನಡಕ ತಿಳಿಯಾಗುತ್ತದೆ, ನಿಜ. ಆದರೆ ಸೋರಿಕೆ ನಿಂತಿಲ್ಲ, ಕಣ್ಣಿಗೆ ಕಾಣದ ಕಡೆಗೆ ಜಾಗ ಬದಲಿಸಿದೆ.

ಕವಾಟವಿರುವ ಎನ್95 ಮಾಸ್ಕಿನಲ್ಲಿ ನಡೆಯುವುದೂ ಇದೇ. ಬಿಟ್ಟ ಉಸಿರು ಸೋಸಿಕೊಳ್ಳದೆ ಕವಾಟದಿಂದ ಸಲೀಸಾಗಿ ಹೊರಬೀಳುವುದರಿಂದ ಹಬೆ ಬಹಳ ಕಡಿಮೆ. ರೋಗಿಯ ಪಕ್ಕದಲ್ಲಿ ಕೂರುವಾಗ ಅದು ಸಲ್ಲದು, ಹಾಕಿಕೊಂಡವರ ಉಸಿರು ಹಾಗೆಯೇ ರೋಗಿಗೆ ತಲುಪುತ್ತದೆ. 2020ರ ಜುಲೈಯಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ರಾಜ್ಯಗಳಿಗೆ ಬರೆದ ಪತ್ರ ಇದನ್ನೇ ಎಚ್ಚರಿಸಿತ್ತು. ಆದರೆ ಧೂಳಿನಲ್ಲಿ ಕೆಲಸ ಮಾಡುವವರಿಗೆ, ಸಿಮೆಂಟು ಕಲಸುವವರಿಗೆ, ರಸ್ತೆ ಗುಡಿಸುವವರಿಗೆ ಕವಾಟವಿರುವುದೇ ಒಳ್ಳೆಯದು. ಅವರಿಗೆ ಬೇಕಾದದ್ದು ಒಳಗೆ ಬರುವ ಗಾಳಿ ಶುದ್ಧವಾಗಿರುವುದು. ಇಂಥ ಮಾಸ್ಕಿಗೆ ಐಎಸ್ 9473 ಗುರುತು ಇರಲಿ, ಕಿವಿಯ ಎಲಾಸ್ಟಿಕ್ಕಿಗಿಂತ ತಲೆಯ ಹಿಂದೆ ಹೋಗುವ ಎರಡು ಪಟ್ಟಿಗಳಿರಲಿ. ಹಾಕಿದ ಮೇಲೆ ಎರಡೂ ಅಂಗೈಯಿಂದ ಮಾಸ್ಕನ್ನು ಮುಚ್ಚಿ ಜೋರಾಗಿ ಉಸಿರು ಬಿಡಿ. ಕಣ್ಣಿಗೆ ಗಾಳಿ ತಾಗಿದರೆ ಮೂಗಿನ ಪಟ್ಟಿ ಇನ್ನೂ ಕೂರಬೇಕು. ಗಡ್ಡವಿದ್ದರೆ ಎಷ್ಟು ಒತ್ತಿದರೂ ಪೂರ್ತಿ ಕೂರುವುದಿಲ್ಲ. ಎನ್95ರ ಒಳಗೆ ಟಿಶ್ಯೂ ಇಡಬೇಡಿ, ಅದರ ಅಂಚು ಚರ್ಮಕ್ಕೆ ನೇರವಾಗಿ ಅಂಟಿದ್ದರಷ್ಟೇ ಅದು ಎನ್95.

ಇಷ್ಟಾದ ಮೇಲೆ ಗಾಜು. ಒಂದಿಷ್ಟು ಆವಿ ಪದರಗಳ ಮೂಲಕವೂ ಮೇಲೆ ಬರುತ್ತದೆ, ಅದಕ್ಕೆ ಗಾಜಿನ ಉಪಚಾರ ಬೇಕು. ಸೋಪಿನ ನೀರಿನಲ್ಲಿ ತೊಳೆಯುವುದು ಹಳೆಯ ಉಪಾಯ, 2011ರಲ್ಲಿ ಇಂಗ್ಲೆಂಡಿನ ಶಸ್ತ್ರಚಿಕಿತ್ಸಕರ ರಾಯಲ್ ಕಾಲೇಜಿನ ಪತ್ರಿಕೆಯಲ್ಲೂ ಇದರ ಬಗ್ಗೆ ಬರೆದಿದ್ದರು. ಸೋಪಿನ ತೆಳು ಪೊರೆ ಗಾಜಿನ ಮೇಲೆ ಉಳಿದರೆ ಆವಿ ಸಣ್ಣ ಹನಿಗಳಾಗಿ ನಿಲ್ಲದೆ ಒಂದೇ ಹಾಳೆಯಂತೆ ಹರಡಿಕೊಳ್ಳುತ್ತದೆ. ಬೆಳಕನ್ನು ಚೆದುರಿಸುವುದು ಹನಿಗಳು, ಹಾಳೆಯ ಮೂಲಕ ಸ್ಪಷ್ಟವಾಗಿ ಕಾಣುತ್ತದೆ.

ಯಾವ ಸೋಪು, ಯಾವ ನೀರು ಎಂಬುದು ಬೆಂಗಳೂರಿನಲ್ಲಿ ಕೇಳಲೇಬೇಕಾದ ಪ್ರಶ್ನೆ. ಕಾವೇರಿ ನೀರು ಬರುವ ಮನೆಯಲ್ಲಿ ಹೆಚ್ಚು ತೊಂದರೆ ಇಲ್ಲ. ಬೋರ್‌ವೆಲ್, ಟ್ಯಾಂಕರ್ ನೀರಿನ ಬಡಾವಣೆಗಳಲ್ಲಿ ನೀರು ಗಡಸು, ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೆಚ್ಚು. ಸ್ನಾನದ ಸೋಪು ಇವುಗಳ ಜೊತೆ ಸೇರಿ ಬಿಳಿ ಕಿಟ್ಟವಾಗಿ ಗಾಜಿಗೆ ಹಿಡಿದುಕೊಳ್ಳುತ್ತದೆ, ಹಬೆ ಹೋಗಿ ಅದರ ಜಾಗಕ್ಕೆ ಮಸುಕು ಬರುತ್ತದೆ. ಹಾಗಾಗಿ ಪಾತ್ರೆ ತೊಳೆಯುವ ಲಿಕ್ವಿಡ್ ಅಥವಾ ಬೇಬಿ ಶಾಂಪೂ ಬಳಸಿ, ಕೊನೆಯ ತೊಳೆತಕ್ಕೆ ಕುಡಿಯುವ ಫಿಲ್ಟರಿನ ನೀರು ಸಾಕು. ಮಾಯಿಶ್ಚರೈಸರ್ ಬೆರೆತ ಹ್ಯಾಂಡ್‌ವಾಶ್ ಬೇಡ, ಎಣ್ಣೆಯ ಪಸೆ ಬಿಡುತ್ತದೆ. ವಿಧಾನ ಹೀಗೆ. ಮೊದಲು ನಲ್ಲಿಯ ತಣ್ಣೀರಿನಲ್ಲಿ ಧೂಳು ತೊಳೆದುಬಿಡಬೇಕು. ಒಂದು ಹನಿ ಲಿಕ್ವಿಡನ್ನು ಬೆರಳ ತುದಿಯಿಂದ ಗಾಜಿನ ಎರಡೂ ಮೈಗೆ, ನೋಸ್ ಪ್ಯಾಡಿನ ಸುತ್ತ, ಹಗುರವಾಗಿ ಸವರಿ, ಚೂರು ನೀರಿನಲ್ಲಿ ತೊಳೆದು, ಕೊಡವಿ, ತಾನಾಗಿ ಆರಲು ಬಿಡಿ. ಅವಸರವಿದ್ದರೆ ಟಿಶ್ಯೂವಿನಿಂದ ಒತ್ತಿ ತೇವ ಹೀರಿಸಿ, ಉಜ್ಜಬೇಡಿ. ಉಜ್ಜಿದರೆ ಪೊರೆಯೇ ಹೋಗುತ್ತದೆ. ಒಳ್ಳೆಯ ಪೊರೆ ಕೆಲವು ಗಂಟೆ ಬಾಳುತ್ತದೆ, ದಿನವೂ ಬೆಳಗ್ಗೆ ಮಾಡಬೇಕು.

ಹೊಸ ಕನ್ನಡಕಕ್ಕೆ ಈ ಉಪಾಯ ಅಷ್ಟಾಗಿ ಹತ್ತದಿದ್ದರೆ ಆಶ್ಚರ್ಯಪಡಬೇಡಿ. ಆ್ಯಂಟಿ-ಗ್ಲೇರ್ ಕೋಟಿಂಗಿನ ಮೇಲೆ ನೀರು ನಿಲ್ಲದಂತೆ ಮಾಡುವ ಇನ್ನೊಂದು ಪದರ ಇರುತ್ತದೆ. ಅದು ನೀರನ್ನು ಹನಿಯಾಗಿಸಿ ಉರುಳಿಸುವುದಕ್ಕೇ ಇರುವುದು, ಸೋಪೂ ಅದರ ಮೇಲೆ ನಿಲ್ಲುವುದಿಲ್ಲ. ಅಂಥವರು ಮಾಸ್ಕಿನ ಕಡೆಗೇ ಹೆಚ್ಚು ಗಮನ ಕೊಡಬೇಕು, ಇಲ್ಲವೇ ಮುಂದಿನ ಸಲ ಗಾಜು ಹಾಕಿಸುವಾಗ ಆ್ಯಂಟಿ-ಫಾಗ್ ಕೋಟಿಂಗ್ ಇರುವುದನ್ನು ಕೇಳಬೇಕು. ಆ್ಯಂಟಿ-ಫಾಗ್ ಸ್ಪ್ರೇ, ಒರೆಸುವ ಬಟ್ಟೆಗಳು ಕೆಲಸ ಮಾಡುತ್ತವೆ. ಆದರೆ 2022ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕರು ತಾವು ಪರೀಕ್ಷಿಸಿದ ಇಂಥ ಸ್ಪ್ರೇ, ಬಟ್ಟೆಗಳಲ್ಲಿ ಪಿಎಫ್‌ಎಎಸ್ ಗುಂಪಿನ, ಪರಿಸರದಲ್ಲಿ ಸುಲಭವಾಗಿ ಕೊಳೆಯದ ಫ್ಲೋರಿನ್ ರಾಸಾಯನಿಕಗಳನ್ನು ಕಂಡಿದ್ದಾರೆ. ಕಣ್ಣಿನ ಹತ್ತಿರ ದಿನವೂ ಬಳಸುವ ವಸ್ತುವಿನಲ್ಲಿ ಏನಿದೆ ಎಂದು ಬಾಟಲಿ ಹೇಳದಿದ್ದರೆ ನನ್ನ ಆಯ್ಕೆ ಸೋಪಿನ ನೀರೇ.

ಟೂತ್‌ಪೇಸ್ಟ್ ಹಚ್ಚುವ ಸಲಹೆಯಿಂದ ದೂರವಿರಿ. ಅದರಲ್ಲಿ ಹಲ್ಲು ಉಜ್ಜಲು ಹಾಕಿದ ಗಟ್ಟಿ ಕಣಗಳಿವೆ, ಇಂದಿನ ಕನ್ನಡಕದ ಗಾಜುಗಳಲ್ಲಿ ಹೆಚ್ಚಿನವು ಪ್ಲಾಸ್ಟಿಕ್, ಗೀರು ಬಿದ್ದರೆ ಹೋಗುವುದಿಲ್ಲ. ಬಿಸಿನೀರು ಬೇಡ, ಪ್ಲಾಸ್ಟಿಕ್ ಹಿಗ್ಗಿದಷ್ಟು ಮೇಲಿನ ಕೋಟಿಂಗ್ ಹಿಗ್ಗದೆ ಜೇಡರ ಬಲೆಯಂತೆ ಬಿರುಕು ಬಿಡುತ್ತದೆ. ಸ್ಯಾನಿಟೈಸರಿನಲ್ಲಿರುವ ಗ್ಲಿಸರಿನ್ ಗಾಜಿನ ಮೇಲೆ ಜಿಡ್ಡಾಗಿ ಉಳಿಯುತ್ತದೆ. ಒಣಗಾಜನ್ನು ಅಂಗಿಯ ತುದಿ, ಸೆರಗಿನಿಂದ ಒರೆಸಿದರೆ ಈ ಊರಿನ ಧೂಳೇ ಉಪ್ಪುಕಾಗದದಂತೆ ಗೀರುತ್ತದೆ.

ಹೆಲ್ಮೆಟ್ ಸೇರಿದರೆ ಕಷ್ಟ ಇಮ್ಮಡಿ. ಪೂರ್ತಿ ಮುಖ ಮುಚ್ಚುವ ಹೆಲ್ಮೆಟ್ಟಿನೊಳಗೆ ಸೋರಿದ ಉಸಿರಿಗೆ ಹೋಗಲು ಜಾಗವಿಲ್ಲ, ಕನ್ನಡಕವೂ ಮುಂದಿನ ವೈಸರೂ ಒಟ್ಟಿಗೆ ಮಬ್ಬಾಗುತ್ತವೆ. ಹಾಕುವ ಕ್ರಮ ಮುಖ್ಯ. ಮೊದಲು ಮಾಸ್ಕ್, ಆಮೇಲೆ ಹೆಲ್ಮೆಟ್, ನಂತರ ಬೆರಳು ಒಳಗೆ ಹಾಕಿ ಮೂಗಿನ ತಂತಿಯನ್ನು ಮತ್ತೆ ಒತ್ತುವುದು, ಕೊನೆಗೆ ಕನ್ನಡಕದ ಕಡ್ಡಿಗಳನ್ನು ಪ್ಯಾಡಿನ ಸಂದಿನಲ್ಲಿ ತೂರಿಸುವುದು. ಹೆಲ್ಮೆಟ್ ಇಳಿಸುವಾಗ ಕೆನ್ನೆಯ ಪ್ಯಾಡುಗಳು ಮಾಸ್ಕನ್ನು ಕೆಳಕ್ಕೆ ಎಳೆದಿರುತ್ತವೆ, ನಡುವಿನ ಆ ಒಂದು ಹೆಜ್ಜೆ ಬಿಟ್ಟರೆ ಹಿಂದೆ ಮಾಡಿದ್ದೆಲ್ಲ ವ್ಯರ್ಥ. ಗಲ್ಲದ ಬಳಿಯ ಗಾಳಿಕಿಂಡಿ ತೆರೆದಿರಲಿ. ಓಡುವಾಗ ಗಾಳಿ ಹಬೆಯನ್ನು ಒಯ್ಯುತ್ತದೆ, ಮಬ್ಬಾಗುವುದು ಸಿಲ್ಕ್ ಬೋರ್ಡ್ ಜಂಕ್ಷನ್ನಿನಂಥ ಕಡೆ ಸಿಗ್ನಲ್ಲಿನಲ್ಲಿ ನಿಂತಾಗ. ಗಾಡಿ ನಿಂತ ಕೂಡಲೇ ವೈಸರ್ ಪೂರ್ತಿ ಎತ್ತಿ, ಹಸಿರು ದೀಪ ಬಿದ್ದು ಗಾಜು ತಿಳಿಯಾದ ಮೇಲಷ್ಟೇ ಹೊರಡಿ. ಮಳೆಯಲ್ಲಿ ವೈಸರನ್ನು ಒಂದು ಹಂತ ಮಾತ್ರ ತೆರೆದಿಟ್ಟರೆ ಸಾಕಾಗುತ್ತದೆ. ಕನ್ನಡಕ ಕಾಣದಾದರೆ ಎಡಕ್ಕೆ ಬಂದು ನಿಲ್ಲಿಸಿ, ಓಡುತ್ತಿರುವ ಗಾಡಿಯಲ್ಲಿ ಒಂದು ಕೈಯಿಂದ ಒರೆಸುವ ಸಾಹಸ ಬೇಡ.

ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿಕೊಂಡು ಗಾಳಿಯಾಡಲು ಬಿಡುವವರು ಬಹಳ. ಓದುವ ಕನ್ನಡಕವಾದರೆ ಪರವಾಗಿಲ್ಲ. ಹೆಚ್ಚು ಪವರ್ ಇದ್ದರೆ ಗಾಜು ಕಣ್ಣಿನಿಂದ ಕೆಲವು ಮಿಲಿಮೀಟರ್ ದೂರ ಸರಿದರೂ ನೋಟ ಬದಲಾಗುತ್ತದೆ, ದೂರಕ್ಕೂ ಹತ್ತಿರಕ್ಕೂ ಒಂದೇ ಆಗಿರುವ ಪ್ರೋಗ್ರೆಸಿವ್ ಗಾಜಿನಲ್ಲಿ ದೂರ ನೋಡುವ ಜಾಗವೇ ಕೆಳಗಿಳಿಯುತ್ತದೆ. ಅದರ ಬದಲು ಕನ್ನಡಕದಂಗಡಿಯಲ್ಲಿ ನೋಸ್ ಪ್ಯಾಡುಗಳನ್ನು ಚೂರು ಒಳಕ್ಕೆ ಬಗ್ಗಿಸಿಕೊಡಲು ಹೇಳಿ, ಫ್ರೇಮು ಕೆನ್ನೆಯಿಂದ ಸ್ವಲ್ಪ ಮೇಲೇಳುತ್ತದೆ. ಪ್ಯಾಡ್ ಫ್ರೇಮಿನಲ್ಲೇ ಅಚ್ಚಾಗಿರುವ ಪ್ಲಾಸ್ಟಿಕ್ ಕನ್ನಡಕಗಳಲ್ಲಿ ಇದು ಆಗುವುದಿಲ್ಲ.

ಮನೆಯ ಹಿರಿಯರನ್ನು ಆಸ್ಪತ್ರೆಗೆ ಕರೆದೊಯ್ಯುವವರು ಇನ್ನೊಂದನ್ನು ಗಮನಿಸಬೇಕು. ಮಾಸ್ಕ್ ಉಬ್ಬಿಕೊಂಡಿದ್ದರೆ ಹಬೆಯ ಜೊತೆಗೆ ಕೆಳಗಿನ ನೋಟವೂ ಮರೆಯಾಗುತ್ತದೆ. ಗಾಜಿನ ಕೆಳಭಾಗದಲ್ಲಿ ಓದುವ ಪವರ್ ಇರುವ ಬೈಫೋಕಲ್ ಹಾಕುವವರಿಗೆ ಮೊದಲೇ ಮೆಟ್ಟಿಲು ಸ್ಪಷ್ಟವಿರುವುದಿಲ್ಲ. ಮೇಲಂಚನ್ನು ಕೂರಿಸಿ, ಕನ್ನಡಕ ಹಾಕಿಸಿದ ಮೇಲೆ ನಿಂತಲ್ಲೇ ನಾಲ್ಕೈದು ಸಲ ಜೋರಾಗಿ ಉಸಿರು ಬಿಡಲು ಹೇಳಿ. ಗಾಜು ತಿಳಿಯಾಗಿ ಉಳಿದರೆ, ತಲೆ ಹೆಚ್ಚು ಬಗ್ಗಿಸದೆ ಎದುರಿನ ಮೊದಲ ಮೆಟ್ಟಿಲಿನ ಅಂಚು ಕಾಣುತ್ತದೆಯಾ ಎಂದು ಕೇಳಿ. ಕಾಣುವುದಿಲ್ಲ ಎಂದರೆ ಮಾಸ್ಕಿನ ನಡುಭಾಗದ ನೆರಿಗೆಯನ್ನು ಗಲ್ಲದ ಕೆಳಗೆ ಇನ್ನಷ್ಟು ಎಳೆದು ಉಬ್ಬು ತಗ್ಗಿಸಿ, ತಂತಿಯನ್ನು ಇನ್ನೊಮ್ಮೆ ಒತ್ತಿ. ಆಮೇಲೂ ಕಾಣದಿದ್ದರೆ ಮೆಟ್ಟಿಲು ಬಿಟ್ಟು ಲಿಫ್ಟಿನಲ್ಲೇ ಕರೆದುಕೊಂಡು ಹೋಗಿ.